ಶಾಲಕ್ಕನ ಗದ್ದ

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಶಾಲಕ್ಕ ಎಂದೇ ಕರೆಯುತ್ತಿದ್ದರು. ಸೆಕೆಯಿರಲಿ, ಚಳಿಯಿರಲಿ, ಕೊರಳಿಗೊಂದು ತೆಳ್ಳನೆಯ ಹತ್ತಿಯ ಶಾಲು ಇರಲೇಬೇಕು, ಅದರ ಒಂದು ಸುತ್ತು ಗದ್ದವನ್ನು ಮುಚ್ಚಿರಲೇಬೇಕು. ಅವಳು ನಿಲ್ಲುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ. ಅಲ್ಲಿ ಬಾಯ್ಲರ್ ಹಗಲೆಲ್ಲ ಕುದಿಯುತ್ತಿತ್ತು. ಅದರಿಂದ ಒಂದು ರಬ್ಬರಿನ ಕೊಳವೆ ಇಸ್ತ್ರಿಪೆಟ್ಟಿಗೆಗೆ ಬಂದು ಸೇರುತ್ತಿತ್ತು. ಗುಂಡಿ ಒತ್ತಿದರೆ ಬುಸ್ಸೆಂದು ಹಬೆ ಮುಖಕ್ಕೇ ಏಳುವುದು. ಅಂಥ ಕೋಣೆಯಲ್ಲಿ ಶಾಲು ಸುತ್ತಿಕೊಂಡು ನಿಂತವಳನ್ನು ಕಂಡರೆ ಯಾರಿಗಾದರೂ ನಗು ಬರಬೇಕಾದ್ದೇ.

"ಶಾಲಕ್ಕಾ, ನಿನ್ನನ್ನ ಎತ್ತಿ ಬಾಯ್ಲರ್ ಒಳಗೆ ಕೂರಿಸಿದ್ರೂ ಕಂಬಳಿ ಕೊಡಿ ಅಂತೀಯ ನೋಡು," ಎನ್ನುತ್ತಿದ್ದ ಒಗೆಯುವ ಅಜ್ಜ. ಅಂಗಡಿಯ ದೊಡ್ಡ ಯಂತ್ರಗಳಿಗೆ ಬಟ್ಟೆ ತುಂಬುವುದು, ತೆಗೆಯುವುದು ಅವನ ಕೆಲಸ.

"ಗಂಟಲು ಅಜ್ಜಾ, ಗಂಟಲು. ಗಾಳಿ ಆಗಲ್ಲ."

"ಆ ಗಂಟಲುನೋವಿಗೂ ಮದುವೆ ವಯಸ್ಸು ದಾಟಿ ಹೋಯ್ತಲ್ಲ ತಾಯಿ. ಇನ್ನೂ ವಾಸಿಯಾಗ್ಲಿಲ್ವಾ?"

ಅವಳೂ ನಗುತ್ತಿದ್ದಳು. ನಗುವಾಗಲೂ ಒಂದು ಕೈ ಶಾಲಿನ ತುದಿಯ ಮೇಲೆಯೇ ಇರುತ್ತಿತ್ತು.

ಗಂಟಲಿಗೆ ಏನೂ ಆಗಿರಲಿಲ್ಲ. ಮಗಳು ಹುಟ್ಟಿದ ವರ್ಷ ಗದ್ದದ ಮೇಲೊಂದು ಕೂದಲು ಕಾಣಿಸಿಕೊಂಡಿತ್ತು, ಗಂಡಸರ ಗಡ್ಡದ ಕೂದಲಿನಂತೆ ಕಪ್ಪಗೆ, ದಪ್ಪಗೆ. ಕಿತ್ತಳು. ಅದರ ಪಕ್ಕದಲ್ಲಿ ಇನ್ನೊಂದು ಬಂತು. ಮಗಳು ಶಾಲೆಗೆ ಹೋಗುವಷ್ಟರಲ್ಲಿ ಗದ್ದದ ತುಂಬ, ದವಡೆಯ ಕೆಳಗೆಲ್ಲ ಹಬ್ಬಿಬಿಟ್ಟಿತು. ಗಂಡ ಬಸ್ಸಿನ ಡ್ರೈವರು. ಬೆಳಕು ಹರಿಯುವ ಮೊದಲೇ ಡಿಪೋಗೆ ಹೊರಟುಬಿಡುತ್ತಿದ್ದ. ಅವನು ಅತ್ತ ಹೋದದ್ದೇ ಇವಳು ಇತ್ತ ಬಚ್ಚಲಿನ ಅಗುಳಿ ಹಾಕಿಕೊಂಡು ಅವನದೇ ರೇಜರಿನಿಂದ ಗದ್ದ ಹೆರೆದುಕೊಂಡು, ರೇಜರನ್ನು ತೊಳೆದು, ಒರೆಸಿ, ಅವನು ಇಟ್ಟಿದ್ದ ಹಾಗೆಯೇ ಇಟ್ಟುಬಿಡುತ್ತಿದ್ದಳು. ಬೆಳಿಗ್ಗೆ ನುಣ್ಣಗಿದ್ದ ಗದ್ದ ಸಂಜೆಗೆ ಕೊಯ್ದ ಹೊಲದ ಕೂಳೆಯಂತೆ ಚುಚ್ಚುತ್ತಿತ್ತು. ಅದಕ್ಕೇ ಶಾಲು. ಕಂಡವರಿಗೆ ಗಂಟಲು, ಕಾಣದವರಿಗೆ ಏನೂ ಇಲ್ಲ. ಹೀಗೆ ಒಂದು ಬಾಳನ್ನೇ ದೂಡಿಕೊಂಡು ಬಂದಿದ್ದಳು.

ಕೆಲಸದಲ್ಲಿ ಅವಳು ಗಟ್ಟಿಗಿತ್ತಿ. ಇಸ್ತ್ರಿಯಷ್ಟೇ ಅಲ್ಲ, ಕಲೆ ತೆಗೆಯುವ ಮೇಜೂ ಅವಳದೇ. ಬಟ್ಟೆಯ ಮೇಲೆ ಒಣಗಿ ಹಕ್ಕಳೆಗಟ್ಟಿದ ಗೋಂದು, ಬಣ್ಣ, ರಕ್ತ, ಏನೇ ಬರಲಿ, ಮೊದಲು ಹಬೆ ತೋರಿಸಿ ಮೆತ್ತಗೆ ಮಾಡುವಳು, ಆಮೇಲೆ ನಯವಾದ ಎಲುಬಿನ ಪಟ್ಟಿಯಿಂದ ಅಂಚಿನಿಂದ ಒಳಕ್ಕೆ ಮೆಲ್ಲಗೆ ಎಬ್ಬಿಸುವಳು. ಬೆರಳಿನಷ್ಟು ಉದ್ದದ ಆ ಪಟ್ಟಿ ಕೈಗೆ ಸವೆದು ಸವೆದು ಬೆಣ್ಣೆಯ ಹಾಗಾಗಿತ್ತು. "ಕಲೆಗೆ ಕೂರೋಕೆ ಜಾಗ ಕೊಡಬಾರದು. ಕೂತ್ರೆ ಮನೆ ಕಟ್ಟುತ್ತೆ," ಎನ್ನುವುದು ಅವಳ ಮಾತು. ಅಂಗಡಿಯಲ್ಲಿ ಅದನ್ನು ಅಲ್ಲಗಳೆದವರಿಲ್ಲ.

ಇಷ್ಟು ಕಾಲ ಹೇಗೋ ನಡೆದದ್ದು, ಮಗಳಿಗೆ ಮಗುವಾದ ಮೇಲೆ ನಡೆಯದಾಯಿತು.

ಮಗಳು ಬೇರೆ ಊರಿನಲ್ಲಿದ್ದಳು, ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಾಣಂತನಕ್ಕೆಂದು ಶಾಲಕ್ಕ ಅಲ್ಲಿಗೆ ಹೋಗಿದ್ದಾಗ, ಒಂದು ಸಂಜೆ ಕೂಸನ್ನು ಎತ್ತಿಕೊಂಡು ಮೈಮರೆತು ಅದರ ಕೆನ್ನೆಗೆ ತನ್ನ ಗದ್ದ ಒತ್ತಿದಳು. ಕೂಸು ಕಿಟಾರನೆ ಕಿರುಚಿಕೊಂಡಿತು. ಹೂವಿನಂಥ ಕೆನ್ನೆಯ ಮೇಲೆ ಕೆಂಪು ಗೀರುಗಳೆದ್ದಿದ್ದವು.

ಮಗಳು ಓಡಿಬಂದಳು. ಕೂಸಿನ ಕೆನ್ನೆ ನೋಡಿದಳು, ಅಮ್ಮನ ಶಾಲು ನೋಡಿದಳು. "ಅಮ್ಮಾ, ಶಾಲಲ್ಲಿ ಪಿನ್ನು ಏನಾದ್ರೂ ಚುಚ್ಚಿದ್ದೀಯಾ?"

"ಹೂಂ ಕಣೇ, ಪಿನ್ನು. ತೆಗೆದುಬಿಡ್ತೀನಿ."

ಅಂದಿನಿಂದ ಕೂಸನ್ನು ಎತ್ತಿದರೂ ತುಂಬಿದ ಕೊಡ ಹಿಡಿದ ಹಾಗೆ ಮೈಯಿಂದ ದೂರವೇ ಹಿಡಿಯುತ್ತಿದ್ದಳು. ಅಳಿಯನಿಗೆ ಇದೇ ಊರಿಗೆ ವರ್ಗವಾಗುವುದಿತ್ತು. ಮಗಳಿಗೂ ಇಲ್ಲೊಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಗೊತ್ತಾಗಿತ್ತು. ಅವರು ಬಂದು ನೆಲೆಯಾದ ಮೇಲೆ ಶಾಲಕ್ಕ ಅಂಗಡಿಗೆ ಅರ್ಧ ದಿನ ಮಾತ್ರ ಹೋಗುವುದು, ಉಳಿದ ಹೊತ್ತು ಕೂಸು ಅಜ್ಜಿಯ ಹತ್ತಿರವೇ ಎಂದು ಮಾತಾಗಿತ್ತು. ಯಾವ ಅಜ್ಜಿ ಕೂಸನ್ನು ಕೆನ್ನೆಗೆ ಒತ್ತಿಕೊಳ್ಳದೆ ಸಾಕಿಯಾಳು? ಊರಿಗೆ ಹಿಂದಿರುಗಿದ ಶಾಲಕ್ಕನಿಗೆ ತಲೆಯಲ್ಲಿ ಅದೊಂದೇ. ಅವರು ಬರುವಷ್ಟರಲ್ಲಿ ಈ ಗದ್ದ ಮಗುವಿಗೆ ತಾಕಿಸುವಂತಾಗಬೇಕು.

ಆಗ ನೆನಪಾದವಳು ಸೂಜಿಯಮ್ಮ. ಆಕೆಯ ಬಿಳಿ ಕೋಟುಗಳು ಒಗೆಯುವುದಕ್ಕೆ ಅದೇ ಅಂಗಡಿಗೆ ಬರುತ್ತಿದ್ದವು. ಕರೆಂಟಿನ ಸೂಜಿಯಿಂದ ಮುಖದ ಕೂದಲನ್ನು ಬೇರುಸಹಿತ ತೆಗೆಯುವುದು ಆಕೆಯ ಕಸುಬು. ಹಿಂದೊಮ್ಮೆ ಕೌಂಟರಿನಲ್ಲಿ ಯಾರೂ ಇಲ್ಲದಾಗ ಶಾಲಕ್ಕನೇ ಕೋಟು ತಂದುಕೊಟ್ಟಿದ್ದಳು. ಬಗ್ಗಿದಾಗ ಶಾಲು ಜಾರಿತು. ಆಕೆಯ ಕಣ್ಣು ಗದ್ದದ ಮೇಲೆ ನಿಂತದ್ದು ಒಂದು ರೆಪ್ಪೆ ಹೊಡೆಯುವಷ್ಟು ಹೊತ್ತು ಮಾತ್ರ.

"ನನ್ನ ಕೋಣೆ ಚಪ್ಪಲಿ ಹೊಲಿಯೋ ಅಂಗಡಿ ಮೇಲಿದೆ," ಎಂದು ಕೋಟು ಮಡಚುತ್ತಾ ಮೆಲ್ಲಗೆ ಹೇಳಿದ್ದಳು. "ಹಿಂದಿನಿಂದಾನೂ ಮೆಟ್ಟಿಲಿದೆ. ಯಾರ ಕಣ್ಣಿಗೂ ಬೀಳಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಶಾಲಕ್ಕ ಆಗ ಗದ್ದ ಮುಟ್ಟಿಕೊಂಡು ಒಳಗೆ ಓಡಿದ್ದಳು. ಈಗ ಅದೇ ಹಿಂದಿನ ಮೆಟ್ಟಿಲನ್ನು ಹುಡುಕಿಕೊಂಡು ಹೋದಳು.

ಚಿಕ್ಕ ಕೋಣೆ. ಕಾಗದ ಹಾಸಿದ ಕಿರಿದಾದ ಮಂಚ. ತಲೆಯ ಮೇಲೆ ದೊಡ್ಡ ಭೂತಗನ್ನಡಿಯಿದ್ದ ದೀಪ. ಪಕ್ಕದಲ್ಲಿ ರೇಡಿಯೋದಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ತಂತಿಯ ತುದಿಗೆ ಕೂದಲಿನಷ್ಟೇ ಸಣ್ಣ ಸೂಜಿ. ಅದನ್ನು ಕಂಡದ್ದೇ ಶಾಲಕ್ಕನ ಅಂಗಾಲು ಬೆವರಿತು.

"ಕೂದಲು ಬರೋ ರಂಧ್ರದಲ್ಲೇ ಸೂಜಿ ಇಳಿಯುತ್ತೆ, ಹೊಸದಾಗಿ ಚುಚ್ಚಲ್ಲ," ಎಂದಳು ಸೂಜಿಯಮ್ಮ. "ಒಂದು ಕ್ಷಣ ಕರೆಂಟು. ಬೇರು ಸುಟ್ಟುಹೋಗುತ್ತೆ, ಕೂದಲು ತಾನಾಗಿ ಜಾರಿ ಬರುತ್ತೆ. ಇರುವೆ ಕಚ್ಚಿದ ಹಾಗೆ ಆಗುತ್ತೆ, ಅಷ್ಟೆ."

"ಯಾವ ಇರುವೆ?"

ಸೂಜಿಯಮ್ಮ ಸ್ವಲ್ಪ ಯೋಚಿಸಿದಳು. "ಕೆಂಪಿರುವೆ."

ಆಮೇಲಿನದನ್ನೂ ಮೊದಲೇ ಹೇಳಿದಳು. ಇವತ್ತು ಕೆಂಪಾಗುತ್ತೆ, ಊದುತ್ತೆ. ನಾಳೆಗೆ ಇಳಿಯುತ್ತೆ. ಆಮೇಲೆ ಅಲ್ಲಲ್ಲಿ ಸಣ್ಣ ಬಿಳಿ ಮೊನೆಯ ಗುಳ್ಳೆ ಬರಬಹುದು, ಸಾಸಿವೆಯಷ್ಟು ಹಕ್ಕಳೆ ಕಟ್ಟಬಹುದು. ಅದು ಚರ್ಮ ತನ್ನನ್ನು ತಾನು ಮುಚ್ಚಿಕೊಳ್ಳುವ ರೀತಿ. ತಣ್ಣೀರಿನ ಬಟ್ಟೆ ಇಡಿ. ಬಿಸಿ, ಬೆವರು, ಬಿಸಿಲು ಬೇಡ. ಕೀಳಬೇಡಿ, ಕೆರೆಯಬೇಡಿ. ಒಂದು ಸಲಕ್ಕೆ ಮುಗಿಯುವುದಲ್ಲ, ಹುಟ್ಟುವ ಕೂದಲೆಲ್ಲ ಸರದಿಯ ಮೇಲೆ ಹುಟ್ಟುತ್ತವೆ. ವರ್ಷ ಮೀರಿ ಹಿಡಿದರೂ ಹಿಡಿದೀತು.

"ಹೆದರಿಕೆ ಆಗುತ್ತೆ ಮೇಡಂ."

"ಹೆದರಿದ್ರೆ ಪರವಾಗಿಲ್ಲ. ಮುಟ್ಟಬೇಡಿ ಅಷ್ಟೆ." ಸೂಜಿಯಮ್ಮ ಕೈಗೆ ತೆಳುವಾದ ರಬ್ಬರಿನ ಗವಸು ಏರಿಸಿಕೊಳ್ಳುತ್ತಾ ಕೇಳಿದಳು, "ಬಿಸಿ ಹತ್ರ ನಿಲ್ಲೋ ಕೆಲಸ ಏನೂ ಇಲ್ವಲ್ಲ? ನೀವು ಕೌಂಟರಿನಲ್ಲಿ ತಾನೆ?"

ಹಬೆಯ ಮುಂದೆ ನಿಲ್ಲುತ್ತೇನೆ ಎಂದರೆ ಎಲ್ಲಿ ಆಗುವುದಿಲ್ಲ ಎಂದುಬಿಡುತ್ತಾಳೋ ಎಂದು ಶಾಲಕ್ಕನಿಗೆ ಅಂಜಿಕೆಯಾಯಿತು. "ಹೂಂ, ಕೌಂಟರಿನಲ್ಲಿ," ಎಂದಳು. ಎಂದು ಕಣ್ಣು ಮುಚ್ಚಿದಳು.

ಇರುವೆಗಳು ಕಚ್ಚಿದವು.

ಮನೆಗೆ ಬಂದು ಕನ್ನಡಿ ನೋಡಿದರೆ ಗದ್ದ ಹುದುಗಿದ ಹಿಟ್ಟಿನಂತೆ ಉಬ್ಬಿತ್ತು. ಗಂಡನಿಗೆ ಹಲ್ಲುನೋವು ಎಂದಳು. ಅವನು ನೋಡಿದ, ಏನೂ ಅನ್ನಲಿಲ್ಲ, ಒಂದು ಲವಂಗ ತಂದುಕೊಟ್ಟ. ಬೇಡದ ಲವಂಗವನ್ನು ಕಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮರುದಿನ ಎದ್ದಾಗ ಸೂಜಿಯಮ್ಮ ಹೇಳಿದ ಹಾಗೆಯೇ ಬಾವು ಇಳಿದಿತ್ತು. ಬೆರಳ ಹಿಂಬದಿಯಿಂದ ಒಮ್ಮೆ ಸವರಿ ನೋಡಿದಳು. ಚುಚ್ಚಲಿಲ್ಲ. ಎಷ್ಟೋ ವರ್ಷಗಳ ಮೇಲೆ ತನ್ನ ಗದ್ದ ತನಗೇ ಪರಿಚಯವಾದಂತೆ ಕಂಡಿತು.

ಆ ಸಂತೋಷ ಅಂಗಡಿಯ ಬಾಗಿಲವರೆಗೆ ಮಾತ್ರ. ಒಳಗೆ ಕೊಳವೆ ಬುಸ್ಸೆಂದಿತು. ಶಾಲನ್ನು ಬಿಗಿ ಮಾಡಿದರೆ ಬೆವರು, ಸಡಿಲ ಮಾಡಿದರೆ ಹಬೆ. ಮಧ್ಯಾಹ್ನವಾಗುವಷ್ಟರಲ್ಲಿ ಗದ್ದಕ್ಕೆ ಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ. ಸೆರಗನ್ನು ನೀರಿನಲ್ಲಿ ಅದ್ದಿ ಒತ್ತಿಕೊಳ್ಳುವಳು, ಮತ್ತೆ ಹಬೆಯ ಮುಂದೆ ನಿಲ್ಲುವಳು. ಇನ್ನೆರಡು ದಿನಕ್ಕೆ ಬಿಳಿ ಮೊನೆಗಳು ಬಂದವು. ಆಮೇಲೆ ಅವು ಒಡೆದು, ಒಣಗಿ, ಗದ್ದದ ಉದ್ದಕ್ಕೂ ಕಂದು ಬಣ್ಣದ ಹಕ್ಕಳೆಗಳು ಸಾಲುಗಟ್ಟಿದವು.

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಗದ್ದದ ಹುಣ್ಣಿಗೆ ಬೇಕೇ ಬೇಕು. ಅವಳು ಬಚ್ಚಲಿನ ಕನ್ನಡಿಯಲ್ಲಿ ನೋಡಿಕೊಂಡಳು, ಪಾತ್ರೆಯ ತಳದಲ್ಲಿ ನೋಡಿಕೊಂಡಳು, ಬಸ್ಸಿನ ಕಿಟಕಿಯಲ್ಲಿ ನೋಡಿಕೊಂಡಳು. ಎಲ್ಲೆಲ್ಲಿ ನೋಡಿದರೂ ಹಕ್ಕಳೆಗಳೇ ಮೊದಲು ಕಾಣುತ್ತಿದ್ದವು, ಅವಳು ಆಮೇಲೆ. ಹೀಗೆಯೇ ಉಳಿದುಬಿಟ್ಟರೆ? ಕೂದಲಾದರೂ ಬೆಳಿಗ್ಗೆ ಹೆರೆದರೆ ಸಂಜೆಯವರೆಗೆ ಮರೆಯಾಗಿರುತ್ತಿತ್ತು. ಇದನ್ನು ಏನು ಮಾಡುವುದು?

ಅಷ್ಟರಲ್ಲಿ ಮಗಳ ಫೋನು ಬಂತು. ಅಳಿಯನ ವರ್ಗ ಬೇಗ ಆಗಿದೆ, ಮನೆಯೂ ಸಿಕ್ಕಿದೆ, ಬರುವ ಭಾನುವಾರವೇ ಬಂದುಬಿಡುತ್ತೇವೆ. "ಅಮ್ಮಾ, ನಿನ್ನ ಮೊಮ್ಮಗಳು ಈಗ ಎಲ್ಲಾದನ್ನೂ ಹಿಡಿದು ಎಳೀತಾಳೆ. ಬಂದ ತಕ್ಷಣ ನಿನ್ನ ಶಾಲಿಗೇ ಕೈ ಹಾಕ್ತಾಳೆ ನೋಡ್ತಿರು."

"ಬನ್ನಿ ಬನ್ನಿ," ಎಂದಳು ಶಾಲಕ್ಕ. ಫೋನಿಟ್ಟು ಭಾನುವಾರಕ್ಕೆ ಎಷ್ಟು ದಿನ ಉಳಿದಿದೆ ಎಂದು ಬೆರಳು ಎಣಿಸಿದಳು.

ಮಾರನೆಯ ದಿನ ಮಧ್ಯಾಹ್ನ ಊಟದ ಹೊತ್ತು. ಅಜ್ಜ ಹೊರಗೆ ಜಗುಲಿಯ ಮೇಲೆ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದ. ಒಳಗೆ ಅವಳೊಬ್ಬಳೇ. ಕಲೆಯ ಮೇಜಿನ ಮುಂದೆ ಕುಳಿತಳು. ಅಲ್ಲೊಂದು ಪುಟ್ಟ ಕನ್ನಡಿ ಇತ್ತು, ಗುಂಡಿಯ ಹಿಂಬದಿ ನೋಡುವುದಕ್ಕೆ ಇಟ್ಟದ್ದು. ಅದನ್ನು ನೀಲಿ ಬಾಟಲಿಗೆ ಒರಗಿಸಿ ಗದ್ದವನ್ನು ಅದರೆದುರಿಗೆ ಹಿಡಿದಳು. ಅವಳ ಕಣ್ಣಿಗೆ ಅದು ತನ್ನ ಮೈಯ ಚರ್ಮದಂತೆ ಕಾಣಲೇ ಇಲ್ಲ. ಒಳ್ಳೆಯ ಬಟ್ಟೆ, ಅದರ ಮೇಲೆ ಒಣಗಿ ಕುಳಿತ ಕಲೆ. ಎಷ್ಟು ಸಾವಿರ ಸಲ ಕಂಡಿದ್ದಾಳೆ. ಕೂರಲು ಜಾಗ ಕೊಟ್ಟರೆ ಮನೆ ಕಟ್ಟುತ್ತದೆ.

ಸೂಜಿಯಮ್ಮನ ಮಾತು ನೆನಪಿರಲಿಲ್ಲವೆಂದಲ್ಲ. ಆಕೆಗೆ ಸೂಜಿ ಗೊತ್ತು, ಕಲೆಯ ವಿಷಯ ತನಗೇ ಚೆನ್ನಾಗಿ ಗೊತ್ತು ಎಂದುಕೊಂಡಳು.

ಹಬೆಯನ್ನು ಸಣ್ಣಗೆ ಬಿಟ್ಟುಕೊಂಡು ಗದ್ದಕ್ಕೆ ತೋರಿಸಿದಳು. ಹಕ್ಕಳೆಗಳು ಮೆತ್ತಗಾದವು. ಎಲುಬಿನ ಪಟ್ಟಿ ತೆಗೆದುಕೊಂಡು, ಅಂಚಿನಿಂದ ಒಳಕ್ಕೆ, ಮೆಲ್ಲಗೆ ಎಬ್ಬಿಸಿದಳು. ಒಂದು ಬಂತು. ಅಡಿಯಲ್ಲಿ ಎಳೆ ಗುಲಾಬಿ ಬಣ್ಣ, ಚೊಕ್ಕಟ. ಅವಳಿಗೆ ಉಸಿರು ಬಂದ ಹಾಗಾಯಿತು. ಇಷ್ಟಕ್ಕೆ ಇಷ್ಟು ಹೆದರಿದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು. ಅಜ್ಜ ಬುತ್ತಿಯ ಡಬ್ಬಿ ತೊಳೆದುಕೊಂಡು ಒಳಗೆ ಬರುವಷ್ಟರಲ್ಲಿ ಒಂದನ್ನೂ ಬಿಡದೆ ತೆಗೆದು ಮುಗಿಸಿ ಶಾಲು ಸುತ್ತಿಕೊಂಡಾಗಿತ್ತು.

ಸಂಜೆ ಶಾಲು ಬಿಚ್ಚಲು ಹೋದರೆ ಬರಲಿಲ್ಲ. ಗದ್ದಕ್ಕೆ ಅಂಟಿಕೊಂಡಿತ್ತು. ನೀರು ಚಿಮುಕಿಸಿ ಬಿಡಿಸಿದಳು. ಶಾಲಿನ ಮೇಲೆ ಹಳದಿ ನೀರಿನ ಚುಕ್ಕೆಗಳು. ಮರುದಿನ ಗದ್ದ ಗಟ್ಟಿಯಾಗಿ, ಕೆಂಡದ ಹಾಗೆ ಸುಡತೊಡಗಿತು. ಅದರ ಮರುದಿನ ಆ ಕೆಂಪು ದವಡೆಯಿಂದ ಕೊರಳಿನ ಕಡೆಗೆ ಇಳಿಯುತ್ತಿರುವುದು ಕಾಣಿಸಿತು. ಬಾಯಿ ಪೂರ್ತಿ ತೆರೆಯಲಾಗುತ್ತಿರಲಿಲ್ಲ. ಮೈಯಲ್ಲಿ ಸಣ್ಣಗೆ ನಡುಕ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಒಂದು ರೇಷ್ಮೆಯ ಸೀರೆಯನ್ನು ಸುಟ್ಟಿದ್ದಳು. ತೂತಾಗಿರಲಿಲ್ಲ, ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟು ಜಾಗ ಕಂದಿತ್ತು. ಎಷ್ಟು ಒಗೆದರೂ, ಏನು ಹಚ್ಚಿದರೂ ಆ ಹೊಳಪು ತಿರುಗಿ ಬರಲಿಲ್ಲ. "ಸುಟ್ಟ ರೇಷ್ಮೆ ಮತ್ತೆ ರೇಷ್ಮೆ ಆಗಲ್ಲ ತಾಯಿ," ಎಂದು ಅಜ್ಜ ಆಗ ಹೇಳಿದ್ದ. ಕನ್ನಡಿಯ ಮುಂದೆ ನಿಂತಾಗಲೆಲ್ಲ ಆ ಕಂದಿದ ಜಾಗವೇ ಅವಳ ಕಣ್ಣಿಗೆ ಬರುತ್ತಿತ್ತು. ಸೂಜಿಯಮ್ಮನ ಹತ್ತಿರ ಹೋಗೋಣವೆಂದರೆ, ಹೇಳಿದ ಸುಳ್ಳು ಬಾಗಿಲಲ್ಲೇ ಅಡ್ಡ ನಿಂತಿತ್ತು. ಹೋಗದಿರೋಣವೆಂದರೆ ಕೆಂಪು ನಿಲ್ಲುತ್ತಿರಲಿಲ್ಲ. ಮಗಳಿಗೆ ಫೋನು ಮಾಡಿ, ನನಗೆ ನೆಗಡಿ, ಮಗುವಿಗೆ ಅಂಟೀತು, ಊರಿಗೆ ಬಂದರೂ ಒಂದೆರಡು ವಾರ ನಮ್ಮ ಮನೆ ಕಡೆ ಬರಬೇಡಿ, ಮೊದಲು ಮನೆ ಜೋಡಿಸಿಕೊಳ್ಳಿ ಎಂದಳು. ಆ ಸುಳ್ಳು ಹೇಳುವಾಗ ದವಡೆ ಎಷ್ಟು ನೋಯಿತೆಂದರೆ ಮಾತು ತೊದಲಿತು.

"ಪಾಪ, ಗಂಟಲೇ ಕಟ್ಟಿದೆ ನಿಂಗೆ," ಎಂದಳು ಮಗಳು.

ಗಂಡನಿಗೆ ವಾರದ ರಜೆಯ ಬೆಳಿಗ್ಗೆ. ಅವನು ನೀರೊಲೆಯ ಹತ್ತಿರ ಒಣಗಲು ಹಾಕಿದ್ದ ಶಾಲನ್ನು ಎತ್ತಿ ಹಿಡಿದು, ಹಳದಿ ಚುಕ್ಕೆಗಳನ್ನು ನೋಡುತ್ತ ನಿಂತಿದ್ದ.

"ಏನೇ, ನಿನ್ನ ಹಲ್ಲುನೋವು ಹೊರಗಡೆಯಿಂದ ಸೋರುತ್ತಾ?"

ಅವಳು ಗದ್ದಕ್ಕೆ ಸೆರಗು ಮುಚ್ಚಿಕೊಂಡಳು.

"ತೋರ್ಸು."

"ಬೇಡ ರೀ."

"ತೋರ್ಸೇ. ನಾನೇನು ಹೊಸಬನಾ?" ಅವನು ಶಾಲು ಕೆಳಗಿಟ್ಟ. "ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಕೇಳಿದ್ದೀನಾ, ನನ್ನ ಬ್ಲೇಡು ಮಾತ್ರ ಯಾಕೆ ಇಷ್ಟು ಬೇಗ ಮೊಂಡಾಗುತ್ತೆ ಅಂತ?"

ಶಾಲಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ನಗು ಬಂತು. ನಕ್ಕರೆ ದವಡೆ ಸೆಳೆಯಿತು, ಸೆಳೆದದ್ದಕ್ಕೆ ಕಣ್ಣಲ್ಲಿ ನೀರು ಬಂತು. ಬಂದ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.

"ಗೊತ್ತಿದೆ ಅಂತ ಮೊದಲೇ ಹೇಳಬಾರದಿತ್ತಾ?"

"ನೀನು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ದೆ. ನಾನು ನೋಡಿದೆ ಅಂದ್ರೆ ನಿನ್ನ ಕಷ್ಟ ಎಲ್ಲ ದಂಡ ಆಗ್ತಿರ್ಲಿಲ್ವಾ?" ಅವನು ಗದ್ದವನ್ನು ಮುಟ್ಟದೆ ಬಗ್ಗಿ ನೋಡಿದ. ಮುಖದ ನಗೆ ಹೋಯಿತು. "ಚಪ್ಪಲಿ ಹಾಕ್ಕೋ. ಈಗಲೇ ಹೋಗೋಣ."

ಚಪ್ಪಲಿ ಹೊಲಿಯುವವನ ಅಂಗಡಿಯ ಬೆಂಚಿನ ಮೇಲೆ ಅವನು ಕೂತ. "ನಾನಿಲ್ಲೇ ಇರ್ತೀನಿ. ಹೇಗೂ ಅಟ್ಟೆ ಬಿಟ್ಟಿದೆ, ಹೊಲಿಸ್ಕೊಬೇಕು." ಅವಳು ಹಿಂದಿನ ಮೆಟ್ಟಿಲು ಹತ್ತಿದಳು. ಪ್ರತಿ ಮೆಟ್ಟಿಲಿಗೂ ಗದ್ದದಲ್ಲಿ ನಾಡಿ ಬಡಿಯುತ್ತಿತ್ತು.

ಸೂಜಿಯಮ್ಮ ದೀಪ ಎಳೆದು ಭೂತಗನ್ನಡಿಯಲ್ಲಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ನನ್ನ ಸೂಜಿಯಿಂದ ಆದದ್ದಲ್ಲ. ಏನು ಮಾಡಿದ್ರಿ?"

ಶಾಲಕ್ಕ ಎಲ್ಲ ಹೇಳಿದಳು. ಕೌಂಟರಲ್ಲ ಹಬೆಯ ಕೋಣೆ ಎಂದಳು. ಊಟದ ಹೊತ್ತು, ಕನ್ನಡಿ, ಎಲುಬಿನ ಪಟ್ಟಿ, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು.

"ಆ ಪಟ್ಟಿಯಿಂದ ಇನ್ನೂ ಏನೇನು ಕೆರೆದಿದ್ದೀರಿ?"

"ರಕ್ತ, ಬಣ್ಣ, ವಾಂತಿ. ಬಂದದ್ದೆಲ್ಲ."

ಸೂಜಿಯಮ್ಮ ಬೈಯುತ್ತಾಳೆಂದು ಕಾದಳು. ಆಕೆ ಬೈಯಲಿಲ್ಲ. ಕೈಯ ಗವಸು ಬಿಚ್ಚಿ, ಸ್ಟೂಲನ್ನು ಎಳೆದುಕೊಂಡು ಎದುರಿಗೆ ಕೂತಳು. "ಕೇಳೀಮ್ಮ. ಬಟ್ಟೆಗೆ ತನ್ನ ಕಲೆ ತಾನೇ ತೆಗೆಯೋಕೆ ಬರಲ್ಲ, ಅದಕ್ಕೆ ನೀವಿದ್ದೀರಿ. ಚರ್ಮಕ್ಕೆ ಬರುತ್ತೆ. ಆ ಹಕ್ಕಳೆ ಕಲೆಯಲ್ಲ, ಒಳಗೆ ಕೆಲಸ ನಡೀತಿರುವಾಗ ಮುಚ್ಚಿರೋ ಬಾಗಿಲು. ನೀವು ಬಾಗಿಲು ಕಿತ್ತು ಕೊಳಕನ್ನ ಒಳಗೆ ಬಿಟ್ಟಿದ್ದೀರಿ."

"ಉಳಿದುಬಿಡುತ್ತಾ ಮೇಡಂ?"

"ಮೊದಲು ಈ ಕೀವು ನಿಲ್ಲಬೇಕು. ಪಕ್ಕದ ಬೀದಿಯಲ್ಲಿ ಚರ್ಮದ ಡಾಕ್ಟರಿದ್ದಾರೆ, ಇವತ್ತೇ ತೋರಿಸಿ, ನಾಳೆ ಅನ್ನಬೇಡಿ. ಆಮೇಲೆ ಕಪ್ಪು ಬೀಳುತ್ತೆ. ನಮ್ಮಂಥ ಮೈಬಣ್ಣಕ್ಕೆ ಬೀಳೋದು ಸಹಜ. ತಿಂಗಳುಗಟ್ಟಲೆ ಹಿಡಿದು ತಿಳಿಯಾಗುತ್ತೆ. ಒಂದೆರಡು ಗುರುತು ಉಳಿದರೂ ಉಳೀಬಹುದು. ಎಲ್ಲ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ."

ಡಾಕ್ಟರು ಮಾತ್ರೆ ಕೊಟ್ಟರು, ಮುಲಾಮು ಕೊಟ್ಟರು, ಕೆಂಪಿನ ಅಂಚಿಗೆ ಪೆನ್ನಿನಿಂದ ಒಂದು ಗೆರೆ ಎಳೆದರು. ಕೆಂಪು ಈ ಗೆರೆ ದಾಟಿದರೆ ಕೂಡಲೇ ಬನ್ನಿ ಎಂದರು. ಆ ಗೆರೆಗೆ ಹೆದರಿದಷ್ಟು ಅವಳು ಬದುಕಿನಲ್ಲಿ ಯಾವುದಕ್ಕೂ ಹೆದರಿರಲಿಲ್ಲ. ಗಂಡನನ್ನು ಕರೆದು ಕರೆದು ಕೇಳುವಳು, "ನೋಡ್ರಿ, ದಾಟಿದೆಯಾ?"

"ಇಲ್ಲ. ಇನ್ನೂ ಸ್ಟಾಪಲ್ಲೇ ನಿಂತಿದೆ."

"ಸರಿಯಾಗಿ ನೋಡಿ ಹೇಳಿ."

"ಬಸ್ಸು ಓಡಿಸೋನು ನಾನು. ಮುಂದೆ ಹೋದದ್ದು ಯಾವುದು, ನಿಂತದ್ದು ಯಾವುದು ಗೊತ್ತಾಗಲ್ವಾ?"

ಕೆಂಪು ಆ ಗೆರೆಯನ್ನು ದಾಟಲಿಲ್ಲ. ಮೆಲ್ಲಗೆ ಹಿಂದಕ್ಕೆ ಸರಿಯಿತು. ಸುಡುವುದು ನಿಂತಿತು. ಹೊಸ ಹಕ್ಕಳೆಗಳು ಕಟ್ಟಿದವು, ಮೊದಲಿನವಕ್ಕಿಂತ ದಪ್ಪ, ಮೊದಲಿನವಕ್ಕಿಂತ ಕಪ್ಪು. ಈಗ ಅವಳು ಕೈಗಳಿಗೆ ಹೆದರತೊಡಗಿದಳು. ಕಲೆ ಕಂಡರೆ ತಾವಾಗಿ ಏಳುವ ಕೈಗಳು ಅವು. ಮಲಗುವಾಗ ಅಂಗೈಗಳನ್ನು ತೊಡೆಯಡಿಗೆ ಸಿಕ್ಕಿಸಿಕೊಳ್ಳುವಳು. ಹಕ್ಕಳೆಯಲ್ಲಿ ನವೆಯೆದ್ದರೆ ಎದ್ದು ಹೋಗಿ ಯಾವುದಾದರೂ ಪಾತ್ರೆ ತಿಕ್ಕುವಳು. ಮನೆಯ ಪಾತ್ರೆಗಳೆಲ್ಲ ಆ ದಿನಗಳಲ್ಲಿ ಮುಖ ಕಾಣುವಷ್ಟು ಹೊಳೆದವು. ಆ ಮುಖವನ್ನು ನೋಡದ ಹಾಗೆ ಬೋರಲು ಹಾಕಿಡುತ್ತಿದ್ದಳು.

ಅಂಗಡಿಯ ಒಡತಿಯ ಹತ್ತಿರ ಹೋಗಿ, ಕೆಲವು ಕಾಲ ಹಬೆಯ ಕೆಲಸ ಬೇಡ, ಗುಂಡಿ ಹೊಲಿಯುವ ಮೇಜಿಗೆ ಹಾಕಿ ಎಂದು ಕೇಳಿದಳು.

"ಗಂಟಲಾ?" ಎಂದಳು ಒಡತಿ.

ಶಾಲಕ್ಕ ಹೂಂ ಎನ್ನಲು ಬಾಯಿ ತೆರೆದಳು. "ಅಲ್ಲ ಅಮ್ಮಾ. ಚರ್ಮ," ಎಂದಳು.

ಶಾಲು ಗಾಯಕ್ಕೆ ಉಜ್ಜಬಾರದೆಂದು ಡಾಕ್ಟರು ಹೇಳಿದ್ದರಿಂದ ಗುಂಡಿಯ ಮೇಜಿನಲ್ಲಿ ಅವಳು ಬರಿಗೊರಳಲ್ಲೇ ಕೂರಬೇಕಾಯಿತು. ಮೊದಲ ದಿನ ತಲೆ ಎತ್ತಲಿಲ್ಲ. ಅಜ್ಜ ಬಂದವನು ಮೇಜಿನ ಮುಂದೆ ನಿಂತ. ಈಗ ಏನೋ ಅನ್ನುತ್ತಾನೆ ಎಂದು ಅವಳು ಕೈಯಲ್ಲಿದ್ದ ಗುಂಡಿಯ ಮೇಲೆ ಇನ್ನಷ್ಟು ಬಗ್ಗಿದಳು. ಅಜ್ಜ ಹಿಂಡಿದ ಬಿಳಿ ಬಟ್ಟೆಯೊಂದನ್ನು ತಟ್ಟೆಯಲ್ಲಿ ಇಟ್ಟ. "ತಣ್ಣೀರಲ್ಲಿ ಅದ್ದಿದ್ದು. ಸೋಪು ಒಂದಿಷ್ಟೂ ಉಳಿದಿಲ್ಲ, ನಾನೇ ಜಾಲಾಡಿದ್ದೀನಿ." ಎರಡು ಹೆಜ್ಜೆ ಹೋದವನು ತಿರುಗಿ, "ಇನ್ನು ನಿನ್ನ ಏನಂತ ಕರೀಬೇಕೋ ಗೊತ್ತಾಗ್ತಿಲ್ಲ ನೋಡು," ಎಂದ.

ಹಕ್ಕಳೆಗಳು ತಮ್ಮ ಹೊತ್ತಿಗೆ ತಾವೇ ಬಿದ್ದವು. ದಿಂಬಿನ ಮೇಲೊಂದು, ಟವೆಲಿನಲ್ಲೊಂದು. ಅವುಗಳ ಜಾಗದಲ್ಲಿ ಕಪ್ಪು ಚುಕ್ಕೆಗಳು ಉಳಿದವು, ಮೊಳೆ ಕಿತ್ತ ಗೋಡೆಯ ಹಾಗೆ. ತಿಳಿಯಾಗುತ್ತಿವೆಯೋ ಇಲ್ಲವೋ ಅವಳಿಗೆ ತಿಳಿಯುತ್ತಿರಲಿಲ್ಲ. ದಿನಾ ನೋಡುವವರಿಗೆ ತಿಳಿಯುವಂಥದಲ್ಲ ಅದು.

ಹೀಗಿರುವಾಗ ಅಂಗಡಿಗೆ ರಜೆಯಿದ್ದ ಒಂದು ಮಧ್ಯಾಹ್ನ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಶಾಲಕ್ಕ ಗಂಡನೇ ಎಂದುಕೊಂಡು ತೆರೆದಳು. ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಮಗಳು ನಿಂತಿದ್ದಳು.

"ಎಂಥ ನೆಗಡಿನಮ್ಮಾ ನಿಂದು, ಮುಗಿಯೋದೇ ಇಲ್ಲ. ನಾನೇ ಬಂದೆ..." ಮಾತು ಅಲ್ಲಿಗೇ ನಿಂತಿತು.

ಶಾಲಕ್ಕನ ಕೈ ಕೊರಳಿಗೆ ಹೋಯಿತು. ಶಾಲು ಹಿತ್ತಲಿನ ಹಗ್ಗದ ಮೇಲಿತ್ತು. ಹಿಂದೆ ಸರಿಯೋಣವೆಂದರೆ ಗೋಡೆ. ಮಗಳ ಕಣ್ಣಲ್ಲಿ ಅಸಹ್ಯ ಬರುತ್ತದೆಯೋ ಎಂದು ನೋಡುವ ಧೈರ್ಯವಿಲ್ಲದೆ ಕೂಸಿನ ಕಾಲುಚೀಲವನ್ನೇ ನೋಡುತ್ತ ನಿಂತಳು.

"ನೆಗಡಿ ಅಲ್ಲ ಕಣೇ," ಎಂದಳು. "ಅವತ್ತು ಪಿನ್ನೂ ಅಲ್ಲ."

ನಿಂತಲ್ಲೇ ಎಲ್ಲ ಹೇಳಿದಳು. ಮಗಳು ಕೂಸನ್ನು ಚಾಪೆಯ ಮೇಲೆ ಬಿಟ್ಟು, ಅಮ್ಮನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಗಿರಾಕಿಗಳಿಗೆ ಕನ್ನಡಕ ಇಟ್ಟು ನೋಡುವ ಹಾಗೆ ಎರಡು ಬೆರಳಿನಿಂದ ಮುಖವನ್ನು ಬೆಳಕಿಗೆ ತಿರುಗಿಸಿದಳು. ಒಂದೊಂದು ಚುಕ್ಕೆಯನ್ನೂ ನೋಡಿದಳು.

"ನೋವಾಗುತ್ತಾ?"

"ಈಗೇನಿಲ್ಲ."

"ಈಗಿಂದಲ್ಲ ಅಮ್ಮಾ. ಸೂಜಿ ಹಾಕುವಾಗ."

ಆ ಪ್ರಶ್ನೆ ತನಗಾಗಿ ಕೇಳಿದ್ದಲ್ಲ ಎಂದು ಶಾಲಕ್ಕನಿಗೆ ಅನ್ನಿಸಿತು. ಅಷ್ಟು ಹತ್ತಿರದಲ್ಲಿ ಈಗ ಅವಳು ಮಗಳ ಮುಖವನ್ನು ನೋಡಿದಳು. ಗದ್ದದ ಕೆಳಗೆ ಪೌಡರು ದಪ್ಪಗೆ ಕೂತಿತ್ತು. ಅದರಡಿಯಲ್ಲಿ, ಚಿಮಟದಿಂದ ಕಿತ್ತು ಕಿತ್ತು ಕೆಂಪಾದ ಸಣ್ಣ ಸಣ್ಣ ಗುರುತುಗಳು.

"ಯಾವಾಗಿಂದ?"

"ಇವಳು ಹುಟ್ಟಿದ ಮೇಲೆ." ಮಗಳು ಚಾಪೆಯ ಮೇಲಿದ್ದ ಕೂಸಿನ ಕಡೆ ನೋಡಿದಳು. "ಹೊಸ ಅಂಗಡಿಗೆ ಹೋಗೋದು ಹೇಗೆ ಅಂತಲೇ ಹೆದರಿಕೆ. ಕನ್ನಡಕ ಸರಿ ಮಾಡುವಾಗ ಜನದ ಮುಖ ಇಷ್ಟು ಹತ್ರ ಇರುತ್ತೆ. ನನಗೊಬ್ಬಳಿಗೇ ಏನೋ ರೋಗ ಬಂದಿದೆ ಅಂದ್ಕೊಂಡಿದ್ದೆ ಅಮ್ಮಾ."

ಶಾಲಕ್ಕ ಆ ಪೌಡರನ್ನು ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು. ತಾನು ಮುಚ್ಚಿಟ್ಟದ್ದು ಶಾಲಿನ ಅಡಿಯಲ್ಲೇ ಇದೆ ಎಂದುಕೊಂಡಿದ್ದಳು. ಅದು ಎದ್ದು ಹೋಗಿ ಮಗಳ ಮುಖದ ಮೇಲೆ ಕೂತಿತ್ತು.

ಅಷ್ಟರಲ್ಲಿ ಕೂಸು ತೆವಳಿಕೊಂಡು ಬಂದು ಅಜ್ಜಿಯ ಸೀರೆ ಹಿಡಿದು ಎಳೆಯಿತು. ಅವಳು ಎತ್ತಿಕೊಂಡಳು, ಅಭ್ಯಾಸದಂತೆ ದೂರಕ್ಕೆ ಹಿಡಿದು. ಕೂಸಿನ ಕಣ್ಣು ಕಪ್ಪು ಚುಕ್ಕೆಗಳ ಮೇಲೆ ನೆಟ್ಟಿತು. ಪುಟ್ಟ ಉಗುರು ನೇರವಾಗಿ ಅದರಲ್ಲೊಂದರ ಕಡೆ ಬಂತು. ಶಾಲಕ್ಕ ಆ ಬೆರಳನ್ನು ಗಾಳಿಯಲ್ಲೇ ಹಿಡಿದಳು.

"ಉಹೂಂ ಪುಟ್ಟೀ. ಮುಟ್ಟಬಾರದು."

ಹಿಡಿದ ಬೆರಳನ್ನು ಬಿಡದೆ ಕೂಸನ್ನು ಹತ್ತಿರಕ್ಕೆ ತಂದಳು. ಇನ್ನೂ ಹತ್ತಿರ. ಚೊಕ್ಕಟವಿದ್ದ ಪಕ್ಕವನ್ನು ಕೂಸಿನ ಕೆನ್ನೆಗೆ ತಾಕಿಸಿ ಉಸಿರು ಬಿಗಿಹಿಡಿದು ಕಾದಳು, ಆ ಕಿರುಚಾಟಕ್ಕೆ. ಕೂಸು ಅವಳ ಕಿವಿಯ ಓಲೆಯನ್ನು ಹಿಡಿದು ಎಳೆಯಿತು. ಓಲೆ ನೋಯಿಸಿತು. ಅವಳು ಹಾಗೆಯೇ ನಿಂತಿದ್ದಳು.

ಮರುವಾರ ತಾಯಿ ಮಗಳಿಬ್ಬರೂ ಚಪ್ಪಲಿ ಅಂಗಡಿಯ ಮೇಲಿನ ಕೋಣೆಗೆ ಹೋದರು. ಶಾಲಕ್ಕನ ಚರ್ಮ ಪೂರ್ತಿ ಮಾಗುವವರೆಗೆ ಸೂಜಿಯಮ್ಮ ಅವಳನ್ನು ಮುಟ್ಟುವುದಿಲ್ಲ ಎಂದಿದ್ದಳು. ಮಂಚದ ಮೇಲೆ ಮಲಗಿದವಳು ಮಗಳು. ಗಂಡ ಕೆಳಗೆ ಬೆಂಚಿನ ಮೇಲೆ ಕೂಸನ್ನು ಆಡಿಸುತ್ತಿದ್ದ. ದೀಪ ಹತ್ತಿತು, ತಂತಿಯ ತುದಿಯ ಸೂಜಿ ಇಳಿಯಿತು. ತನಗೆ ಹಾಕುವಾಗ ಕಣ್ಣು ಮುಚ್ಚಿದ್ದ ಶಾಲಕ್ಕ ಈಗ ಮುಚ್ಚಲಿಲ್ಲ. ಗೋಡೆಗೆ ಒರಗಿ ನಿಂತು ಕೊನೆಯವರೆಗೂ ನೋಡಿದಳು.

"ಇರುವೆ ಅಂದಿದ್ದೆ ನೀನು," ಎಂದಳು ಮಗಳು ಎದ್ದು ಕೂತ ಮೇಲೆ. ಗದ್ದ ಆಗಲೇ ಕೆಂಪಾಗಿ ಉಬ್ಬುತ್ತಿತ್ತು. "ಯಾವ ಇರುವೆ ಅಂತ ಹೇಳಲೇ ಇಲ್ಲ."

"ಹೇಳಿದ್ರೆ ಬರ್ತಿದ್ದೆಯಾ?"

ಬೀದಿಗಿಳಿದು ಮನೆಯ ಕಡೆ ಹೊರಟರು. ಗಂಡ ಕೂಸನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆಯುತ್ತಿದ್ದ. ಬೀದಿಯ ತಿರುವಿನಲ್ಲಿ ಮಗಳ ಕೈ ತಾನಾಗಿ ಗದ್ದದ ಕಡೆ ಎದ್ದಿತು. ಶಾಲಕ್ಕ ಅದನ್ನು ಅರ್ಧದಲ್ಲೇ ಹಿಡಿದಳು. ಆ ಕೈಯನ್ನು ಮನೆ ಮುಟ್ಟುವ ತನಕ ಬಿಡಲಿಲ್ಲ.